ಅವ್ವನ ಕೌದಿಗೂ ಕೂಲಿ ಲೆಕ್ಕ ಹಾಕ್ರಿ: ಬ್ಯಾಸಗಿ ಬಿಡುವಿನ ಒಂದು ಮನೆಗೆಲಸ

ಕಡಲೆ ರಾಶಿ ಆಗಿದೆ, ಬಿಳಿಜೋಳ ಮನೆ ಸೇರಿದೆ, ಕುಸುಬಿ ಬಡಿದು ಮುಗಿದಿದೆ. ಮಿರಗದ ಮಳೆಗೆ ಇನ್ನೂ ಟೈಮ್ ಇದೆ. ಗುಡೂರು, ಅಮೀನಗಡ, ಇಳಕಲ್, ಗುಳೇದಗುಡ್ಡದ ಕಡೆ ಒಣಬೇಸಾಯ ಮಾಡುವ ಮನೆಗಳಲ್ಲಿ ಈ ಎರಡು-ಎರಡೂವರೆ ತಿಂಗಳಿಗೆ ಅಂತಲೇ ಕೆಲವು ಕೆಲಸ ಇರುತ್ತವೆ. ಗಂಡಸರು ಬದು ಹಾಕೋದು, ಹರಗೋದು, ತಿಪ್ಪೆಗೊಬ್ಬರ ಹೇರೋದು ನೋಡ್ಕೋತಾರೆ. ಹೆಣ್ಮಕ್ಕಳು ಮುಂಜಾನೆ ಶಾವಿಗೆ, ಹಪ್ಪಳ, ಸಂಡಿಗೆ ಅಂತ ಕೂತರೆ, ಊಟ ಆದ ಮ್ಯಾಲೆ ಪಡಸಾಲಿಯಲ್ಲಿ ಕೌದಿ ಹಾಸಿಕೊಂಡು ಕೂಡ್ತಾರೆ.

ನಮ್ಮ ಪೇಜಿನಲ್ಲಿ ವಾರಾ ವಾರಾ ಬೀಜೋಪಚಾರ, ಕೃಷಿಹೊಂಡ, ಮಾರುಕಟ್ಟೆ ದರ ಅಂತ ಓದೋ ನಿಮಗೆ ಈ ಸಲ ಕೌದಿ ಯಾಕೆ ಅನ್ನಿಸಬಹುದು. ಕಾರಣ ಸರಳ. ಇದು ರೈತನ ಮನೆಯ ಕೆಲಸ, ರೈತನ ಮನೆಯ ಹತ್ತಿ ಬಟ್ಟೆಯಿಂದ ಆಗುವ ಕೆಲಸ, ಮತ್ತು ಇದರ ಲೆಕ್ಕದಲ್ಲಿ ನಾವು ಮಾಡ್ತಿರೋ ಅನ್ಯಾಯ ನಮ್ಮ ಬೆಳೆಗೆ ಬೇರೆಯವರು ಮಾಡ್ತಿರೋ ಅನ್ಯಾಯದ ತರಹವೇ ಇದೆ. ಆ ಲೆಕ್ಕಕ್ಕೆ ಆಮೇಲೆ ಬರೋಣ. ಮೊದಲು ಕೌದಿಯ ಮಾತು.

ಗಾದಿ ಬೇರೆ, ಕೌದಿ ಬೇರೆ

ಗಾದಿಯೊಳಗೆ ಅರಳೆ ತುಂಬಿರುತ್ತೆ, ಅದನ್ನ ಹಿಂಜಿ ತುಂಬಿಸೋಕೆ ಪಿಂಜಾರರೇ ಬೇಕು. ಕೌದಿಯೊಳಗೆ ಅರಳೆ ಇಲ್ಲ, ಬರೀ ಬಟ್ಟೆ. ಹಳೇ ಸೀರೆ, ಧೋತರ, ಅಂಗಿ, ಪರಕಾರ, ಹೀಗೆ ಉಟ್ಟು ಒಗೆದು ಮೆತ್ತಗಾದ ಬಟ್ಟೆಯನ್ನ ಮೂರು, ನಾಲ್ಕು, ಐದು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಈ ತುದಿಯಿಂದ ಆ ತುದಿವರೆಗೂ ಕೈಯಿಂದ ಸಾಲುಸಾಲಾಗಿ ಹೊಲಿದರೆ ಕೌದಿ. ಪದರಗಳ ನಡುವೆ ಗಾಳಿ ನಿಲ್ಲುತ್ತೆ, ಅದಕ್ಕೇ ಬೆಚ್ಚಗೆ. ಹತ್ತಿ ಬಟ್ಟೆ ಬೆವರು ಹೀರುತ್ತೆ, ಅದಕ್ಕೇ ಬ್ಯಾಸಗಿಯಲ್ಲಿ ಹಾಸೋಕೂ ನಡೆಯುತ್ತೆ. ಒಂದೇ ಕೌದಿ ಚಳಿಗಾಲಕ್ಕೆ ಹೊದಿಕೆ, ಬ್ಯಾಸಗಿಗೆ ಮಾಳಿಗೆ ಮ್ಯಾಲಿನ ಹಾಸಿಗೆ.

ಹೊಲಕ್ಕೂ ಅದು ಬರ್ತಿತ್ತು. ಕಣದಲ್ಲಿ ರಾಶಿ ಕಾಯೋಕೆ ಮಲಗುವವರ ಜೊತೆ ಕಂಬಳಿ ಒಂದು, ಕೌದಿ ಒಂದು. ಬನಶಂಕರಿ ಜಾತ್ರೆಗೆ ಚಕ್ಕಡಿ ಕಟ್ಟಿದರೆ ಹುಲ್ಲಿನ ಮ್ಯಾಲೆ ಕೌದಿ ಹಾಸಿ, ಅದರ ಮ್ಯಾಲೆ ಮಕ್ಕಳು, ಬುತ್ತಿ ಗಂಟು. ಹೆರಿಗೆಗೆ ತವರಿಗೆ ಬಂದ ಮಗಳು ವಾಪಸ್ ಹೋಗುವಾಗ ಕೂಸಿಗೊಂದು ಸಣ್ಣ ಕೌದಿ ಇಲ್ಲದೆ ಕಳಿಸೋ ಮನೆ ಕಡಿಮೆ.

ಈ ಕೆಲಸ ನಮ್ಮ ಸೀಮೆಯದೇ ಅಂತ ಎದೆ ಉಬ್ಬಿಸಬೇಕಿಲ್ಲ. ಮಹಾರಾಷ್ಟ್ರದಲ್ಲಿ ಇದಕ್ಕೆ ಗೋಧಡಿ ಅಂತಾರೆ, ಬಂಗಾಳದಲ್ಲಿ ಕಾಂಥಾ, ಸಿಂಧ್ ಕಡೆ ರಲ್ಲಿ. ಬಟ್ಟೆ ಹಳೆಯದಾದರೂ ಬಿಸಾಡೋಕೆ ಮನಸ್ಸು ಬಾರದ ಎಲ್ಲ ಊರಲ್ಲೂ ಇದರ ಒಂದು ರೂಪ ಇದೆ. ಆದ್ರೆ ನಮ್ಮ ಸೀಮೆಗೆ ಒಂದು ಅನುಕೂಲ ಇದೆ. ಸುತ್ತಮುತ್ತ ಮಗ್ಗಗಳಿವೆ.

ಸೀರೆಯೇ ಬಂಡವಾಳ

ಇಳಕಲ್ ಸೀರೆಯ ಮೈ ಹತ್ತಿಯದು ಇರುತ್ತಿತ್ತು, ಸೆರಗು ರೇಷ್ಮೆಯದು. ಮೈಯ ಹಾಸು ಮತ್ತು ಸೆರಗಿನ ಹಾಸು ಎರಡನ್ನೂ ಬೇರೆ ಬೇರೆ ತಯಾರಿಸಿ ಕೊಂಡಿ ಹಾಕಿ ಸೇರಿಸೋದೇ ಆ ನೇಯ್ಗೆಯ ವಿಶೇಷ. ಕೆಂಪು ಸೆರಗಿನ ಮ್ಯಾಲೆ ಬಿಳಿ ಪಟ್ಟಿಯಲ್ಲಿ ಏಳುವ ವಿನ್ಯಾಸಕ್ಕೆ ಟೋಪು ತೆನಿ ಅಂತಾರೆ. ತೆನಿ ಅಂದ್ರೆ ಬೇರೇನೂ ಅಲ್ಲ, ನಮ್ಮ ಹೊಲದ ಜೋಳದ ತೆನೆ. ಹಿರಿಯ ಹೆಣ್ಮಕ್ಕಳು ಉಡ್ತಿದ್ದ ಎಂಟು-ಒಂಬತ್ತು ಗಜದ ಸೀರೆ ಹತ್ತು ವರ್ಷ ತೊಳೆದು ತೊಳೆದು ಮೆತ್ತಗಾದಾಗ ಅದಕ್ಕಿಂತ ಒಳ್ಳೇ ಕೌದಿ ಬಟ್ಟೆ ಸಿಗಲ್ಲ. ಅಂಥ ಒಂದೇ ಸೀರೆ ಮಡಚಿದ್ರೆ ಎರಡು-ಮೂರು ಪದರ ಆಗುತ್ತೆ. ಸೀರೆಯ ದಡಿ ಗಟ್ಟಿ ಇರುತ್ತೆ, ಅದನ್ನ ಕತ್ತರಿಸಿಟ್ಟು ಕೌದಿಯ ನಾಲ್ಕೂ ಅಂಚಿಗೆ ಹಚ್ಚಬಹುದು. ಗುಳೇದಗುಡ್ಡದ ಖಣ ಕುಬ್ಬಸ ಹೊಲಿದ ಮ್ಯಾಲೆ ಉಳಿಯುವ ತುಂಡುಗಳು ಮೇಲಿನ ಚಿತ್ತಾರಕ್ಕೆ ಬರುತ್ತವೆ.

ಈಗಿನ ತೊಂದರೆ ಇಲ್ಲೇ ಶುರುವಾಗೋದು. ನಿಮ್ಮ ಮನೆಯ ಟ್ರಂಕ್ ತೆಗೆದು ನೋಡಿ. ಕಳೆದ ಹತ್ತು ವರ್ಷದಲ್ಲಿ ಕೊಂಡ ಸೀರೆಗಳಲ್ಲಿ ಪೂರ್ತಿ ಹತ್ತಿಯವು ಎಷ್ಟು? ಬಹಳ ಮನೆಗಳಲ್ಲಿ ಎರಡು-ಮೂರು ಸಿಕ್ಕರೆ ದೊಡ್ಡದು. ಉಳಿದಿದ್ದೆಲ್ಲ ಪಾಲಿಸ್ಟರ್, ಇಲ್ಲಾ ಮಿಶ್ರ ನೂಲು. ಉಳಿದ ಹಳೇ ಹತ್ತಿ ಸೀರೆಗಳು ಎಲ್ಲಿ ಹೋದವು ಅಂದ್ರೆ, ಓಣಿಯಲ್ಲಿ ಬರುವ ಪಾತ್ರೆಯವರ ಬುಟ್ಟಿಗೆ. ನಾಲ್ಕು ಸೀರೆ ಕೊಟ್ಟರೆ ಒಂದು ಸ್ಟೀಲ್ ಡಬ್ಬಿ. ಡಬ್ಬಿ ಬೇಡ ಅಂತ ಹೇಳ್ತಿಲ್ಲ, ಆದ್ರೆ ಆ ನಾಲ್ಕು ಸೀರೆ ಒಂದು ಕೌದಿಯ ಪೂರ್ತಿ ಕಚ್ಚಾ ಮಾಲು ಅನ್ನೋದು ಲೆಕ್ಕದಲ್ಲಿರಲಿ.

ಪಾಲಿಸ್ಟರ್‌ನಿಂದ ಕೌದಿ ಆಗಲ್ಲವಾ? ಆಗುತ್ತೆ, ಆದ್ರೆ ಬೆವರು ಹೀರಲ್ಲ, ಜಾರುತ್ತೆ, ಹೊಲಿಯುವಾಗ ಪದರಗಳು ಒಂದರ ಮ್ಯಾಲೊಂದು ಸರಿದು ಗಂಟು ಬೀಳುತ್ತೆ. ಒಲೆ ಹತ್ತಿರ ಕಿಡಿ ಬಿದ್ರೆ ಕರಗಿ ಮೈಗೆ ಅಂಟಿಕೊಳ್ಳುವ ಅಪಾಯವೂ ಇದೆ. ತೀರಾ ಅನಿವಾರ್ಯ ಆದ್ರೆ ನಡುವಿನ ಒಂದು ಪದರಕ್ಕೆ ಹಾಕಿ, ಮೇಲೆ ಕೆಳಗೆ ಎರಡೂ ಕಡೆ ಹತ್ತಿ ಇರಲಿ. ಕೂಸಿನ ಕೌದಿಗೆ ಅದೂ ಬೇಡ.

ಬಟ್ಟೆ ಯಾವುದು ಅಂತ ಗುರುತಿಸೋಕೆ ಅನುಮಾನ ಬಂದ್ರೆ ಅಂಚಿನಿಂದ ಎರಡು ಎಳೆ ಕಿತ್ತು, ಅಂಗಳದಲ್ಲಿ ಒಂದು ತಟ್ಟೆಯ ಮ್ಯಾಲೆ ಇಕ್ಕಳದಿಂದ ಹಿಡಿದು ಬೆಂಕಿ ಹಚ್ಚಿ ನೋಡಿ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ ಬರುತ್ತೆ, ಮೆತ್ತನೆ ಬೂದಿ ಉಳಿಯುತ್ತೆ. ಪಾಲಿಸ್ಟರ್ ಆದ್ರೆ ಸುರುಟಿ, ಕರಗಿ, ತಣ್ಣಗಾದ ಮ್ಯಾಲೆ ಗಟ್ಟಿ ಮಣಿಯಾಗುತ್ತೆ. ಎರಡೂ ಕಂಡರೆ ಅದು ಮಿಶ್ರ ನೂಲು.

ಒಂದು ಮಾತು ಇಲ್ಲಿ ಜೋರಾಗಿ ಹೇಳಲೇಬೇಕು. ಎಣ್ಣೆ ಹೊಡೆಯುವಾಗ, ಅಂದ್ರೆ ಕೀಟನಾಶಕ, ಕಳೆನಾಶಕ ಸಿಂಪಡಿಸುವಾಗ ಹಾಕಿಕೊಂಡ ಅಂಗಿ, ಪ್ಯಾಂಟು, ಟವೆಲ್, ತಲೆಗೆ ಸುತ್ತಿದ ಬಟ್ಟೆ ಇವುಗಳನ್ನ ಎಷ್ಟೇ ಒಗೆದರೂ ಕೌದಿಗೆ ಹಾಕಬೇಡಿ. ಹತ್ತಿ ಬಟ್ಟೆ ಬೆವರು ಹೀರುವ ಹಾಗೆ ಔಷಧಿಯನ್ನೂ ಹೀರುತ್ತೆ, ಕೆಲವು ಔಷಧಿಗಳು ಒಂದೆರಡು ಒಗೆತಕ್ಕೆ ಪೂರ್ತಿ ಬಿಡಲ್ಲ. ನಿಮ್ಮ ಹಳೇ ಅಂಗಿ ಅವ್ವನ ಬಟ್ಟೆ ಗಂಟಿಗೆ ಹೋಗಿ, ಅಲ್ಲಿಂದ ತಂಗಿಯ ಕೂಸಿನ ಕೌದಿಗೆ ಹೋಗೋ ದಾರಿ ತೀರಾ ಹತ್ತಿರದ್ದು. ಅವ್ವಗೆ ಯಾವ ಅಂಗಿ ಯಾವಾಗ ಹಾಕಿದ್ದಿರಿ ಅನ್ನೋದು ಗೊತ್ತಿರಲ್ಲ, ಹೇಳಬೇಕಾದವರು ನೀವೇ. ಸಿಂಪಡಣೆಗೆ ಅಂತ ಒಂದು ಜೊತೆ ಬಟ್ಟೆ ಬೇರೆ ಇಟ್ಟು, ಅದನ್ನ ಬೇರೆಯಾಗೇ ಒಗೆದು, ಹರಿದ ಮ್ಯಾಲೆ ಮನೆಯೊಳಗೆ ಯಾವ ಕೆಲಸಕ್ಕೂ ಬಳಸದೆ ವಿಲೇವಾರಿ ಮಾಡಿ.

ಕೂತು ಹೊಲಿಯೋದು ಹೇಗೆ

ಮೊದಲು ಎಲ್ಲ ಬಟ್ಟೆ ಒಗೆದು ಬಿಸಿಲಿಗೆ ಒಣಗಿಸಬೇಕು. ಹಳೇ ಬಟ್ಟೆ ಇನ್ನು ಕುಗ್ಗಲ್ಲ, ಬಣ್ಣವೂ ಬಿಡಲ್ಲ. ಆದ್ರೆ ಖಣದ ಹೊಸ ತುಂಡು, ಟೇಲರ್ ಅಂಗಡಿಯಿಂದ ತಂದ ಚೂರು ಇವೆರಡನ್ನೂ ಅನುಮಾನದಿಂದಲೇ ನೋಡಿ. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ, ಬಣ್ಣ ಹತ್ತಿದರೆ ಎರಡು-ಮೂರು ಸಲ ಬೇರೆ ಒಗೆದು ಆಮೇಲೆ ಬಳಸಿ. ಇಲ್ಲಾಂದ್ರೆ ಮೊದಲ ಒಗೆತಕ್ಕೇ ಇಡೀ ಕೌದಿ ಕೆಂಪಾಗುತ್ತೆ.

ನೆಲ ಸಮ ಇರಬೇಕು. ಪಡಸಾಲಿ, ಗುಡಿಯ ಕಟ್ಟೆ, ಸಿಮೆಂಟ್ ಅಂಗಳ ಯಾವುದಾದ್ರೂ ಆದೀತು. ಕೆಳಗಿನ ಪದರಕ್ಕೆ ಗಟ್ಟಿ ಇರುವ ಇಡೀ ಬಟ್ಟೆ ಹಾಸಿ, ಸುಕ್ಕು ಇಲ್ಲದ ಹಾಗೆ ಎಳೆದು ನಾಲ್ಕು ಮೂಲೆಗೆ ಕಲ್ಲು ಇಡ್ತಾರೆ. ಅದರ ಮ್ಯಾಲೆ ನಡುವಿನ ಪದರ. ಇಲ್ಲಿ ಹರಿದ ಬಟ್ಟೆಯೂ ನಡೆಯುತ್ತೆ, ಆದ್ರೆ ತೂತು ಒಂದರ ಮ್ಯಾಲೊಂದು ಬರಬಾರದು. ಎಲ್ಲಕ್ಕೂ ಮ್ಯಾಲೆ ಚೆಂದದ ಬಟ್ಟೆ, ತ್ಯಾಪಿಗಳು. ಆಮೇಲೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಎಲ್ಲಾ ಪದರ ಹಿಡಿಸಬೇಕು, ಒಂದು ಗೇಣಿಗೆ ಒಂದು ಸಾಲು ಸಾಕು. ಈ ಕಚ್ಚಾ ಹೊಲಿಗೆ ಯಾಕೆ ದಂಡ ಅಂತ ಬಿಟ್ಟವರು ಅರ್ಧ ಹೊಲಿದ ಮ್ಯಾಲೆ ನಡುವೆ ಗುಬ್ಬಿಯ ಹಾಗೆ ಉಬ್ಬಿದ ಬಟ್ಟೆ ಹಿಡಿದು ಕೂಡ್ತಾರೆ.

ಅಸಲಿ ಹೊಲಿಗೆ ಒಂದು ಅಂಚಿನಿಂದ ಶುರು. ಕೆಲವರು ಉದ್ದಕ್ಕೆ ಸಾಲು ಹಾಕ್ಕೊಂಡು ಹೋಗ್ತಾರೆ, ಕೂರಿಗೆ ಸಾಲಿನ ಹಾಗೆ. ಕೆಲವರು ನಾಲ್ಕೂ ಅಂಚು ಸುತ್ತಿ ಸುತ್ತಿ ನಡುವಿಗೆ ಬರ್ತಾರೆ, ಟ್ರ್ಯಾಕ್ಟರ್ ಹೊಲದ ಸುತ್ತ ತಿರುಗಿ ಒಳಗೆ ಬಂದ ಹಾಗೆ. ಎರಡಕ್ಕೂ ಹೊಲಿಗೆ ಒಂದೇ, ಸೂಜಿ ಕೆಳಗೆ ಮೇಲೆ ಕೆಳಗೆ ಮೇಲೆ. ಪಳಗಿದ ಕೈ ಆದ್ರೆ ಒಂದೇ ಸಲಕ್ಕೆ ನಾಲ್ಕೈದು ಹೊಲಿಗೆ ಸೂಜಿಗೆ ಏರಿಸಿ ದಾರ ಎಳೆಯುತ್ತೆ. ದಾರ ದಪ್ಪ ಹತ್ತಿಯದು ಇರಲಿ. ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕಾಗುತ್ತೆ, ಸಡಿಲ ಬಿಟ್ಟರೆ ಕಾಲಿನ ಬೆರಳು ಸಿಕ್ಕಿ ದಾರ ಹರಿಯುತ್ತೆ. ಆ ನಡುವಿನ ಹದ ಬರೆದು ಹೇಳೋಕೆ ಬರಲ್ಲ. ಹೊಲಿಯುವವರ ಬಾಜೂಕೆ ಕೂತು ಒಂದು ಗಂಟೆ ನೋಡಿದ್ರೆ ತಿಳಿಯುತ್ತೆ.

ನಮ್ಮ ಮನೆಯಲ್ಲಿ ಆಯಿ ಹೊಲಿಗೆ ನೋಡಿದ ಕೂಡಲೇ ಯಾರು ಹೊಲಿದದ್ದು ಅಂತ ಹೇಳ್ತಿದ್ದರು. "ಇದು ದೊಡ್ಡಾಕಿ ಕೈ, ಸಣ್ಣ ಹಾಕ್ಯಾಳ. ಇಲ್ಲಿ ನೋಡು, ಸಣ್ಣಾಕಿ ಅವಸರ ಮಾಡ್ಯಾಳ, ಗೋಧಿ ಕಾಳಿನಷ್ಟು ಇರೂದು ಅಲಸಂದಿ ಆಗೇತಿ" ಅಂತ. ಒಂದೇ ಕೌದಿಗೆ ಮೂರು-ನಾಲ್ಕು ಮಂದಿ ಕೂತರೆ ಪ್ರತಿಯೊಬ್ಬರ ಕೈಯೂ ಬೇರೆ ಕಾಣುತ್ತೆ. ತ್ಯಾಪಿಗಳೂ ಹಾಗೆ. ಇದು ಮುತ್ಯಾನ ಧೋತರ, ಇದು ಅತ್ತಿ ಮದುವಿ ಸೀರಿ, ಇದು ನೀ ಸಾಲಿಗೆ ಹಾಕ್ಕೊಂಡು ಹೋದ ಮೊದಲ ಅಂಗಿ ಅಂತ ಬೆರಳಿಟ್ಟು ತೋರಿಸೋರು ಇರುವವರೆಗೆ ಆ ಕೌದಿ ಮನೆಯ ಆಲ್ಬಮ್ ಇದ್ದ ಹಾಗೆ. ತೋರಿಸೋರು ಹೋದ ಮ್ಯಾಲೆ ಅದು ಬರೀ ಬಟ್ಟೆ. ನಿಮ್ಮ ಕೈಯಲ್ಲಿ ಫೋನ್ ಇದೆ. ಈ ಬ್ಯಾಸಗಿಯಲ್ಲಿ ಮನೆಯ ಹಳೇ ಕೌದಿ ಒಂದನ್ನ ಹಾಸಿ, ಅವ್ವನೋ ಆಯಿಯೋ ಒಂದೊಂದೇ ತ್ಯಾಪಿ ತೋರಿಸಿ ಹೇಳೋದನ್ನ ವಿಡಿಯೋ ಮಾಡಿ ಇಟ್ಟುಕೊಳ್ಳಿ. ಹತ್ತು ನಿಮಿಷದ ಕೆಲಸ. ರೀಲ್ಸ್‌ಗೆ ಹಾಕೋದು ಬಿಡೋದು ಅವರನ್ನೇ ಕೇಳಿ ಮಾಡಿ.

ಹೊಸದಾಗಿ ಕಲಿಯುವವರು ದೊಡ್ಡ ಕೌದಿಗೆ ಕೈ ಹಾಕಬೇಡಿ. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಕೂಸಿನ ಕೌದಿಯಿಂದ ಶುರು ಮಾಡಿ. ಗಂಡು ಹುಡುಗರು ಸೂಜಿ ಹಿಡಿಯೋದಾ ಅಂತ ನಗೋರಿಗೆ ಒಂದೇ ಮಾತು: ಊರಿನ ಟೇಲರ್ ಯಾರು? ಮಗ್ಗದ ಗುಂಡಿಯಲ್ಲಿ ಕೂತು ನೇಯುವವರಲ್ಲಿ ಗಂಡಸರು ಎಷ್ಟಿಲ್ಲ? ದಿನಾ ರಾತ್ರಿ ಒಂದು ತಾಸು ಫೋನ್ ಬದಿಗಿಟ್ಟು ಹೊಲಿದರೆ ಕಣ್ಣಿಗೂ ಆರಾಮ, ತಲೆಗೂ ಆರಾಮ. ಬೆಳೆ ಸಾಲದ ಚಿಂತೆ ಅದರಿಂದ ತೀರಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬರುತ್ತೆ.

ಹಳಿಯಾಳದ ಸಿದ್ದಿ ಹೆಣ್ಮಕ್ಕಳು

ಕೌದಿಯನ್ನ ಮನೆ ಹೊರಗೆ ಒಯ್ದು ಹೆಸರು ಮಾಡಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಹೆಣ್ಮಕ್ಕಳು. ಇವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಅವರು ಹೊಲಿಯುವ ಕೌದಿಗೆ ಕವಂದಿ ಅಂತಾರೆ. ಒಂದು ಮೂಲೆಯಿಂದ ಶುರು ಮಾಡಿ, ತುಂಡು ಬಟ್ಟೆ ಜೋಡಿಸ್ತಾ, ಜೋಡಿಸಿದ ಹಾಗೇ ಹೊಲಿಯುತ್ತಾ, ಅಂಚು ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸ್ತಾರೆ. ಮೊದಲೇ ನಕ್ಷೆ ಬರೆದುಕೊಳ್ಳೋದಿಲ್ಲ, ಕೈಗೆ ಸಿಕ್ಕ ಬಣ್ಣದ ಪಕ್ಕ ಯಾವ ಬಣ್ಣ ಒಪ್ಪುತ್ತೆ ಅಂತ ಆ ಕ್ಷಣಕ್ಕೆ ತೀರ್ಮಾನ. ನಾಲ್ಕೂ ಮೂಲೆಗೆ ತ್ರಿಕೋನ ಆಕಾರದಲ್ಲಿ ಮಡಚಿದ ಬಟ್ಟೆಯ ಹೂವು ಇರಲೇಬೇಕು, ಇಲ್ಲದಿದ್ದರೆ ಅವರ ಕಣ್ಣಿಗೆ ಅದು ಮುಗಿದ ಕೌದಿ ಅಲ್ಲ. ಕೆಲವರು ನಡುವಿನ ಕೊನೆಯ ತುಂಡು ಮುಚ್ಚುವ ಮುಂಚೆ ಅದರೊಳಗೆ ನಾಲ್ಕು ಅಕ್ಕಿ ಕಾಳು ಇಡ್ತಾರೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಕೆಲಸವನ್ನ ಅಧ್ಯಯನ ಮಾಡಿ ದಾಖಲಿಸಿದರು. 2004ರಲ್ಲಿ ಸಿದ್ದಿ ಹೆಣ್ಮಕ್ಕಳ ಕೌದಿ ಸಹಕಾರಿ ಗುಂಪು ಶುರುವಾಯಿತು, ಆಮೇಲೆ ಅವರ ಕೌದಿಗಳು ಅಮೆರಿಕದ ಮ್ಯೂಸಿಯಮ್‌ಗಳ ಗೋಡೆ ಏರಿದವು. ಅವರೇನು ಬೇರೆ ಬಟ್ಟೆ ಬಳಸಲಿಲ್ಲ. ನಾವು ಬಳಸುವ ಅದೇ ಹಳೇ ಸೀರೆ, ಅದೇ ಸೂಜಿ. ಇವತ್ತು ಯೂಟ್ಯೂಬ್‌ನಲ್ಲಿ ಕವಂದಿ ಅಂತ ಹುಡುಕಿದರೆ ಹೊರದೇಶದವರು ಆ ಶೈಲಿ ಕಲಿಸುವ ವಿಡಿಯೋಗಳೇ ಸಿಗುತ್ತವೆ. ಅವರು ಕಲಿತದ್ದು ನಮ್ಮದೇ ರಾಜ್ಯದ ಕಾಡಂಚಿನ ಊರುಗಳಿಂದ.

ಈಗ ಲೆಕ್ಕ

"ಕೌದಿ ಹೊಲಿದು ಮಾರಿದ್ರ ನಡೀತೈತೇನ್ರೀ?" ಅಂತ ಹುಡುಗರು ಕೇಳ್ತಾರೆ. ನಡೆಯುತ್ತೆ. ಆದ್ರೆ ಎಷ್ಟಕ್ಕೆ ಮಾರಬೇಕು ಅನ್ನೋದನ್ನ ಮೊದಲು ಹೊಲದ ಲೆಕ್ಕದ ಹಾಗೇ ಬರೆದು ನೋಡೋಣ.

ಒಬ್ಬರು ಹೊದೆಯುವ ಕೌದಿ, ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಅಂತ ಹಿಡಿಯಿರಿ. ಅರ್ಧ ಅಂಗುಲಕ್ಕೆ ಒಂದು ಸಾಲು ಹೊಲಿದರೆ 48 ಅಂಗುಲಕ್ಕೆ 96 ಸಾಲು. ಪ್ರತಿ ಸಾಲು 6 ಅಡಿ, ಒಟ್ಟು 576 ಅಡಿ ಹೊಲಿಗೆ. ಚೌಕಾಕಾರದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 209 ಅಡಿ, ಹಂಗಾರೆ ಮೂರು ಬದಿ ನಡೆದಷ್ಟಕ್ಕೆ ಸ್ವಲ್ಪ ಕಡಿಮೆ. ಅಂಗುಲಕ್ಕೆ ನಾಲ್ಕು ಹೊಲಿಗೆ ಅಂದ್ರೆ 27,648 ಹೊಲಿಗೆ. ಸಾಮಾನ್ಯವಾಗಿ ಪಳಗಿದ ಕೈಗೆ ಒಂದು ಅಡಿಗೆ ಮೂರು ನಿಮಿಷ ಅಂತ ಇಟ್ಟರೂ 29 ತಾಸು ಬರುತ್ತೆ. ಒಗೆಯೋದು, ಕತ್ತರಿಸೋದು, ಹಾಸೋದು, ತ್ಯಾಪಿ ಮಡಚಿ ಕೂರಿಸೋದು, ಅಂಚು ಕಟ್ಟೋದು ಇವಕ್ಕೆ ಇನ್ನೊಂದು 11 ತಾಸು ಸೇರಿಸಿ. ಒಟ್ಟು 40 ತಾಸು. ದಿನಕ್ಕೆ ಎರಡು ತಾಸು ಕೂತರೆ 20 ದಿನ. ಕೂಲಿ ಲೆಕ್ಕದಲ್ಲಿ ಎಂಟು ತಾಸಿನ 5 ಆಳು.

ನಿಮ್ಮ ಊರಲ್ಲಿ ದಿನಗೂಲಿ 350 ರೂಪಾಯಿ ಅಂತ ಇಟ್ಕೊಳ್ಳಿ. 5 ಆಳಿಗೆ 1,750 ಆಯಿತು. ದಾರ, ಸೂಜಿ, ಸೋಪು ಎಲ್ಲ ಸೇರಿ 150. ಮನೆಯ ಸೀರೆ ಆದ್ರೆ ಬಟ್ಟೆಗೆ ಖರ್ಚಿಲ್ಲ, ಹೊರಗಿಂದ ನಾಲ್ಕು ಹಳೇ ಹತ್ತಿ ಸೀರೆ ನೂರರಂತೆ ತಂದ್ರೆ 400. ಅಲ್ಲಿಗೆ 2,300 ರೂಪಾಯಿ ಬರೀ ಉತ್ಪಾದನಾ ವೆಚ್ಚ, ಇನ್ನೂ ಲಾಭ ಸೇರಿಲ್ಲ. ನಿಮ್ಮೂರಿನ ದರ ಹಾಕಿ ನೀವೇ ತಿದ್ದಿಕೊಳ್ಳಿ. ಈಗ ಯಾರೋ ಬಂದು "ಹಳೇ ಅರಿಬಿ ಅಲ್ಲೇನ್ರೀ, ಒಂಬೈನೂರಕ್ಕ ಕೊಡ್ರಿ" ಅಂದಾಗ ಅವ್ವ ಖುಷಿಯಿಂದ ಕೊಟ್ಟರೆ, ಮನೆಗೆ 900 ಬಂತು ಅಂತ ನಾವು ಅಂದುಕೊಳ್ತೇವೆ. ಅಸಲಿಗೆ 1,400 ರೂಪಾಯಿ ಅವಳ ಕೈಯಿಂದ ಹೋಯಿತು.

ಎಂಎಸ್‌ಪಿ ಚರ್ಚೆ ನೋಡಿದವರಿಗೆ ಈ ಲೆಕ್ಕ ಹೊಸದಲ್ಲ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗದವರು ವೆಚ್ಚ ಲೆಕ್ಕ ಹಾಕುವಾಗ ಎ2 ಪ್ಲಸ್ ಎಫ್‌ಎಲ್ ಅಂತಾರೆ. ಎ2 ಅಂದ್ರೆ ಬೀಜ, ಗೊಬ್ಬರ, ಕೂಲಿ ಹೀಗೆ ಜೇಬಿನಿಂದ ಹೋದ ಖರ್ಚು. ಎಫ್‌ಎಲ್ ಅಂದ್ರೆ ಮನೆಮಂದಿ ಮಾಡಿದ ದುಡಿಮೆಗೆ ಕಟ್ಟಿದ ಬೆಲೆ. ಭೂಮಿಯ ಬಾಡಿಗೆ, ಬಂಡವಾಳದ ಬಡ್ಡಿ ಎಲ್ಲ ಸೇರಿದ ಸಿ2 ವೆಚ್ಚದ ಮ್ಯಾಲೆ ಬೆಲೆ ಕೊಡಿ ಅಂತ ರೈತರು ಕೇಳ್ತಿರೋದು ಬೇರೆ ಹೋರಾಟ. ಮನೆಮಂದಿಯ ದುಡಿಮೆಗೆ ಬೆಲೆ ಕಟ್ಟಲೇಬೇಕು ಅನ್ನೋದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ. ಸಂತೆಯಲ್ಲಿ ಕಡಲೆ ದರ ಬಿದ್ದಾಗ "ನಮ್ಮ ಮನಿ ಮಂದಿ ದುಡದದ್ದು ಲೆಕ್ಕಕ್ಕಿಲ್ಲೇನು" ಅಂತ ಸಿಟ್ಟು ಬರುತ್ತೆ. ಅದೇ ಮನೆಯ ಪಡಸಾಲಿಯಲ್ಲಿ ಅವ್ವ 40 ತಾಸು ಕೂತು ಹೊಲಿದ ಕೌದಿಯ ವಹಿಯಲ್ಲಿ ಎಫ್‌ಎಲ್ ಕಾಲಂಗೆ ನಾವು ಬರೆಯೋದು ಸೊನ್ನೆ. "ಹೆಂಗೂ ಖಾಲಿ ಕುಂತಿರ್ತಾಳ" ಅಂತ ಒಂದು ಮಾತು ಬೇರೆ. ಬ್ಯಾಸಗಿಯಲ್ಲಿ ಯಾವ ಹೆಣ್ಮಗಳು ಖಾಲಿ ಕೂತಿದ್ದನ್ನ ನೋಡಿದ್ದೀರಿ?

ಹಿಂದೆ ಈ ಲೆಕ್ಕ ಇತ್ತು ಅನ್ನೋದೂ ನೆನಪಿರಲಿ. ಮನೆಯಲ್ಲಿ ಹೊಲಿಯೋಕೆ ಪುರಸೊತ್ತು ಇಲ್ಲದವರು ಓಣಿಗೆ ಬರುವ ಕೌದಿ ಹೊಲಿಯುವ ಹೆಣ್ಮಕ್ಕಳಿಗೆ ಬಟ್ಟೆ ಕೊಡ್ತಿದ್ದರು. ಅವರು ಮನೆಮುಂದೆ ಕೂತು ಹೊಲಿದು ಕೊಟ್ಟು, ಜೋಳ ಮತ್ತು ರೊಕ್ಕ ಎರಡನ್ನೂ ತಗೊಂಡು ಹೋಗ್ತಿದ್ದರು. ಹೊರಗಿನವರ ಕೈಗೆ ಕೂಲಿ ಇದೆ ಅಂತ ಊರಿಗೆಲ್ಲ ಗೊತ್ತಿತ್ತು. ಮನೆಯವಳ ಕೈಗೆ ಮಾತ್ರ ಇಲ್ಲ.

ಹಾಗಂತ ಪ್ರತಿ ಕೌದಿಗೂ ಬೆಲೆ ಚೀಟಿ ಹಚ್ಚಿ ಅಂತ ಹೇಳ್ತಿಲ್ಲ. ಮೊಮ್ಮಗನಿಗೆ ಹೊಲಿದದ್ದು, ತೀರಿಹೋದವರ ಸೀರೆಯಿಂದ ಮಾಡಿಟ್ಟದ್ದು ಮಾರೋಕೆ ಇರೋದಲ್ಲ. ಮಾರೋಕೆ ಹೊಲಿಯೋದನ್ನ ಬೇರೆ ಇಡಿ, ಅದಕ್ಕೆ ವಹಿ ಬರೆಯಿರಿ. ಯಾರು ಎಷ್ಟು ತಾಸು ಕೂತರು ಅನ್ನೋದನ್ನ ಫೋನಿನ ನೋಟ್ಸ್‌ನಲ್ಲಿ ದಿನಾ ಗುರುತು ಮಾಡೋಕೆ ಎರಡು ನಿಮಿಷ ಸಾಕು. ಈ ಒಂದು ಕೆಲಸ ಅವ್ವನಿಗಿಂತ ನಿಮ್ಮಿಂದ ಚೆನ್ನಾಗಿ ಆಗುತ್ತೆ.

ಅಲಬಾಮಾದ ಹತ್ತಿ ಹೊಲದಿಂದ

ಇದೇ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರು ಅಮೆರಿಕದ ಅಲಬಾಮಾ ರಾಜ್ಯದಲ್ಲಿದ್ದಾರೆ. ನದಿಯ ತಿರುವಿನಲ್ಲಿರುವ ಜೀಸ್ ಬೆಂಡ್ ಅನ್ನುವ ಊರು. ಹತ್ತಿ ತೋಟಗಳಲ್ಲಿ ಗುಲಾಮರಾಗಿದ್ದವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಪಾಲಿಗೆ ಹತ್ತಿ ಬೆಳೆದುಕೊಂಡಿದ್ದರು. ಹೊಲಕ್ಕೆ ಹಾಕಿ ಸವೆದ ಪ್ಯಾಂಟು, ಅಂಗಿ, ಗೊಬ್ಬರದ ಬಟ್ಟೆ ಚೀಲ ಇವುಗಳಿಂದ ಅಲ್ಲಿನ ಹೆಣ್ಮಕ್ಕಳು ತಮ್ಮ ಮನೆಗೆ ಕೌದಿ ಹೊಲಿಯುತ್ತಿದ್ದರು, ಚಳಿಗೆ ಬೇರೆ ದಾರಿ ಇರಲಿಲ್ಲ.

1966ರಲ್ಲಿ ಆ ಭಾಗದ ಹೆಣ್ಮಕ್ಕಳು ಫ್ರೀಡಂ ಕ್ವಿಲ್ಟಿಂಗ್ ಬೀ ಅನ್ನುವ ಸಹಕಾರಿ ಸಂಘ ಕಟ್ಟಿದರು. 1972ರಲ್ಲಿ ಸಿಯರ್ಸ್ ಎಂಬ ದೊಡ್ಡ ಅಂಗಡಿ ಕಂಪನಿಗೆ ದಿಂಬಿನ ಹೊದಿಕೆ ಹೊಲಿದು ಕೊಡುವ ಆರ್ಡರ್ ಸಿಕ್ಕಿತು. ಆರ್ಡರ್ ಅಂದ್ರೆ ಸ್ಥಿರ ಆದಾಯ, ಅದು ಒಳ್ಳೇದೇ. ಆದ್ರೆ ಎಲ್ಲವೂ ಒಂದೇ ಅಳತೆ, ಒಂದೇ ನಮೂನೆ, ಕೈಗೆ ಬಂದ ಹಾಗೆ ಬಣ್ಣ ಜೋಡಿಸುವ ಅವರ ಜಾಣ್ಮೆಗೆ ಅಲ್ಲಿ ಕೆಲಸ ಇರಲಿಲ್ಲ. 2002ರಲ್ಲಿ ಜೀಸ್ ಬೆಂಡ್ ಮನೆಗಳ ಹಳೇ ಕೌದಿಗಳು ಹ್ಯೂಸ್ಟನ್ ನಗರದ ಕಲಾ ಮ್ಯೂಸಿಯಮ್‌ನಲ್ಲಿ, ಅದಾದ ಮ್ಯಾಲೆ ನ್ಯೂಯಾರ್ಕ್‌ನಲ್ಲಿ ಪ್ರದರ್ಶನ ಕಂಡವು. ಜಗತ್ತು ಹೊಗಳಿತು. 2006ರಲ್ಲಿ ಅಮೆರಿಕ ಸರ್ಕಾರ ಅವುಗಳ ಚಿತ್ರದ ಅಂಚೆಚೀಟಿಯನ್ನೇ ತಂದಿತು. ಮರುವರ್ಷ, 2007ರಲ್ಲಿ, ತಮ್ಮ ಕೌದಿ ಮತ್ತು ವಿನ್ಯಾಸಗಳಿಂದ ಬಂದ ಹಣದಲ್ಲಿ ತಮಗೆ ಸಲ್ಲಬೇಕಾದ್ದು ಸಲ್ಲಲಿಲ್ಲ ಅಂತ ಊರಿನ ಕೆಲವು ಹೆಣ್ಮಕ್ಕಳು ಕೋರ್ಟಿಗೆ ಹೋದರು. 2008ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ನಮ್ಮ ಸ್ವಸಹಾಯ ಸಂಘಗಳು ಆರ್ಡರ್ ಹಿಡಿಯುವ ಮುಂಚೆ ಈ ಊರಿನ ಕಥೆ ಓದಿದರೆ ಒಳ್ಳೇದು. ಸಂಜೀವಿನಿ ಒಕ್ಕೂಟದ ಮೂಲಕ ಸರಸ್ ಮೇಳಕ್ಕೆ ಹೋಗುವ ಅವಕಾಶ ಇದೆ. ಕೇಂದ್ರ ಜವಳಿ ಸಚಿವಾಲಯದ ಪೆಹಚಾನ್ ಅನ್ನುವ ಕರಕುಶಲಕರ್ಮಿ ಗುರುತಿನ ಚೀಟಿಯೂ ಇದೆ. ಯಾರ ಮೂಲಕ ಮಾರಿದರೂ ನಾಲ್ಕು ಸಾಲಿನ ಕರಾರು ಕಾಗದದ ಮ್ಯಾಲೆ ಇರಲಿ: ಅಳತೆ ಎಷ್ಟು, ಒಂದಕ್ಕೆ ಎಷ್ಟು ರೂಪಾಯಿ, ಯಾವಾಗ ಕೊಡ್ತಾರೆ, ಕೌದಿಯ ಫೋಟೋ ಬಳಸಿ ಬೇರೆ ಕಡೆ ಮಾಲು ಮಾಡಿದರೆ ಹೊಲಿದವರಿಗೆ ಏನು. ರೊಕ್ಕ ಹೊಲಿದವಳ ಸ್ವಂತ ಖಾತೆಗೇ ಬೀಳಲಿ, ಮಗನ ಫೋನ್‌ಪೇಗೆ ಬೇಡ. ಇದು ಓದುವ ಹುಡುಗರಿಗೆ ಸ್ವಲ್ಪ ಚುಚ್ಚಬಹುದು, ಇರಲಿ.

ಗಿರಾಕಿಗೆ ಫೋಟೋ ಕಳಿಸುವಾಗ ಮೇಲಿನ ಮೈ ಒಂದೇ ತೋರಿಸಬೇಡಿ, ಹಿಂಭಾಗದ ಹೊಲಿಗೆ ಕಾಣುವ ಹಾಗೆ ಹತ್ತಿರದಿಂದ ಒಂದು ಫೋಟೋ ಹಾಕಿ. ಮಷಿನ್ ಹೊಲಿಗೆಗೂ ಕೈ ಹೊಲಿಗೆಗೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಗೋದು, ಬೆಲೆ ಬರೋದೂ ಅದಕ್ಕೇ. ಬಟ್ಟೆ ಹಳೆಯದು ಅನ್ನೋದನ್ನ ಮುಚ್ಚಿಡಬೇಡಿ. ಪೂರ್ತಿ ಹತ್ತಿ ಅಂತ ಬರೆದ್ರೆ ಒಳಪದರವೂ ಹತ್ತಿಯೇ ಇರಲಿ.

ಮಳೆಗಾಲಕ್ಕೆ ಮುಂಚೆ

ಹಸಿ ಕೌದಿ ಎತ್ತೋದು ಒಬ್ಬರಿಂದ ಆಗದ ಕೆಲಸ, ಮಲಪ್ರಭಾ ದಂಡೆಗೆ ಒಯ್ದು ಒಗೆದವರಿಗೆ ಗೊತ್ತು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಯೆಲ್ಲ ಒಗೆಯುವ ಪದ್ಧತಿ ಸರಿಯೇ, ಆದ್ರೆ ಮಳೆ ಮೋಡ ಇರುವ ದಿನ ಕೌದಿ ನೀರಿಗೆ ಹಾಕಬೇಡಿ. ಮೇಲೆ ಒಣಗಿದ ಹಾಗೆ ಕಂಡರೂ ಒಳಪದರದಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತೆ. ಈಗಿನ ಬಿಸಿಲೇ ಅದಕ್ಕೆ ಸರಿಯಾದ ಕಾಲ. ಬೆಳಿಗ್ಗೆ ಒಗೆದು ಹರವಿ, ಮಧ್ಯಾಹ್ನ ಮಗ್ಗುಲು ಬದಲಿಸಿ, ಎರಡು ದಿನ ಪೂರ್ತಿ ಒಣಗಿಸಿ. ಬಿಸಿಲಿನ ಕಾವು ಆರಿದ ಮ್ಯಾಲೆ ಮಡಚಿ, ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪನ್ನ ತೆಳು ಬಟ್ಟೆಯಲ್ಲಿ ಕಟ್ಟಿ ಮಡಿಕೆಗಳ ನಡುವೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಗಾಳಿ ಆಡಬೇಕು. ಕಾಳಿಗೆ ಔಷಧಿ ಮಾತ್ರೆ ಇಡುವ ಕೋಣೆಯಲ್ಲಿ, ಕೀಟನಾಶಕದ ಡಬ್ಬಿ ಇರುವ ಮೂಲೆಯಲ್ಲಿ ಹಾಸಿಗೆ, ಕೌದಿ ಯಾವುದನ್ನೂ ಇಡಬೇಡಿ. ಇಲಿ ಕಾಟ ಇದ್ದರೆ ಟ್ರಂಕ್ ಒಳ್ಳೇದು, ತುಕ್ಕು ತಾಗದ ಹಾಗೆ ತಳಕ್ಕೆ ಒಂದು ಹಳೇ ಧೋತರ ಹಾಸಿ.

ಅಂಚು ಬಿಟ್ಟಿದ್ದರೆ ಮಡಚುವ ಮುಂಚೆಯೇ ಹೊಲಿದುಬಿಡಿ. ನಡುವೆ ಹರಿದಿದ್ದರೆ ಅದರ ಮ್ಯಾಲೆ ಹೊಸ ತ್ಯಾಪಿ ಹಾಕಿ, ಸುತ್ತಲಿನ ಹೊಲಿಗೆ ಸಾಲಿಗೆ ಕೂಡಿಸಿದರೆ ಮುಗಿಯಿತು. ಮೇಲಿನ ಪದರ ಪೂರ್ತಿ ಸವೆದಿದ್ದರೂ ಕೆಳಗಿನ ಮೂರು ಪದರ ಗಟ್ಟಿ ಇರುತ್ತವೆ, ಅಂಥದ್ದರ ಮ್ಯಾಲೆ ಇನ್ನೊಂದು ಸೀರೆ ಹಾಸಿ ಮತ್ತೆ ಹೊಲಿಗೆ ಶುರು ಮಾಡಬಹುದು.